ಅನುವಾದವೂ ಭೌತವಿಜ್ಞಾನದ ಕೆಲಸವೇ: ಕುಲಪತಿಗಳಿಗೊಂದು ಬಹಿರಂಗ ಪತ್ರ

ರಾಜ್ಯದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ ಹಾಗೂ ಭೌತವಿಜ್ಞಾನ ಅಧ್ಯಯನ ಮಂಡಳಿಗಳ ಅಧ್ಯಕ್ಷರು ಮತ್ತು ಸದಸ್ಯರಿಗೆ,

ಮಾನ್ಯರೇ,

ದಾವಣಗೆರೆಯಲ್ಲಿ ಮೂವತ್ತೊಂದು ವರ್ಷ ಪದವಿ ತರಗತಿಗಳಿಗೆ ಭೌತವಿಜ್ಞಾನ ಕಲಿಸಿ ನಿವೃತ್ತಳಾದ ನಾನು ಒಂದೇ ಒಂದು ಕೋರಿಕೆಗಾಗಿ ಈ ಪತ್ರ ಬರೆಯುತ್ತಿದ್ದೇನೆ. ವಿಜ್ಞಾನದ ಮೂಲ ಕೃತಿಯನ್ನೋ ಪ್ರಬಂಧವನ್ನೋ ಕನ್ನಡಕ್ಕೆ ತಂದು, ಅದರ ಗಣಿತವನ್ನು ಬಿಡಿಸಿ ತೋರಿಸುವ ವ್ಯಾಖ್ಯಾನವನ್ನೂ ವಿದ್ಯಾರ್ಥಿಯೇ ಬರೆದಿದ್ದರೆ, ಅಂಥ ಕೆಲಸವನ್ನು ನಮ್ಮ ಭೌತವಿಜ್ಞಾನ ವಿಭಾಗಗಳು ಎಂ.ಎಸ್ಸಿ. ಪ್ರಾಜೆಕ್ಟ್ ಆಗಿಯೂ, ಮುಂದೆ ಪಿಎಚ್.ಡಿ. ಪ್ರಬಂಧವಾಗಿಯೂ ಒಪ್ಪಿಕೊಳ್ಳಬೇಕು. ಇದನ್ನು ಬರೀ ವಾದವಾಗಿ ಮುಂದಿಡುವುದಕ್ಕಿಂತ, ಇನ್ನೂರೆಪ್ಪತ್ತೈದು ವರ್ಷಗಳಿಗೂ ಹಿಂದೆ ತೀರಿಕೊಂಡ ಒಬ್ಬ ಹೆಣ್ಣುಮಗಳ ಬದುಕನ್ನು ನಿಮ್ಮೆದುರು ಇಟ್ಟು ಹೇಳುವುದು ಸರಿಯೆಂದು ನನಗೆ ತೋರಿದೆ.

ಚಲನೆ ಮತ್ತು ಗುರುತ್ವದ ನಿಯಮಗಳನ್ನು ಮಂಡಿಸಿದ ನ್ಯೂಟನ್‌ನ ‘ಪ್ರಿನ್ಸಿಪಿಯಾ’ ಗ್ರಂಥವನ್ನು ಫ್ರೆಂಚಿಗೆ ತಂದ ಎಮಿಲಿ ದು ಶಾತ್ಲೆ 1706ರ ಡಿಸೆಂಬರ್ 17ರಂದು ಪ್ಯಾರಿಸ್ ನಗರದಲ್ಲಿ ಹುಟ್ಟಿದರು. ತಂದೆ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ದೊಡ್ಡ ಅಧಿಕಾರಿ. ಹದಿನೆಂಟನೆಯ ವಯಸ್ಸಿನಲ್ಲಿ, 1725ರಲ್ಲಿ, ಸೈನ್ಯಾಧಿಕಾರಿಯೊಬ್ಬರೊಂದಿಗೆ ಮದುವೆಯಾಯಿತು. ಮೂರು ಮಕ್ಕಳಾದವು, ಅವರಲ್ಲಿ ಒಂದು ಶೈಶವದಲ್ಲೇ ತೀರಿಕೊಂಡಿತು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಆಗ ಹೆಂಗಸರಿಗೆ ಸದಸ್ಯತ್ವವಿರಲಿಲ್ಲ, ವಿಶ್ವವಿದ್ಯಾಲಯದ ಬಾಗಿಲೂ ಅವರಿಗೆ ಮುಚ್ಚಿತ್ತು. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸಿನಲ್ಲಿ, ಮಕ್ಕಳ ತಾಯಿಯಾದ ಮೇಲೆ, ಅವರು ಮೋಪರ್ಟ್ವಿ ಮತ್ತು ಕ್ಲೆರೋ ಎಂಬ ಇಬ್ಬರು ಗಣಿತಜ್ಞರಿಂದ ಮನೆಪಾಠ ಹೇಳಿಸಿಕೊಂಡು ಉನ್ನತ ಗಣಿತ ಕಲಿಯತೊಡಗಿದರು. ಇವರು ಸಾಮಾನ್ಯ ಮೇಷ್ಟರುಗಳಲ್ಲ: ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿದೆ ಎಂಬ ನ್ಯೂಟನ್‌ನ ಮಾತನ್ನು ಪರೀಕ್ಷಿಸಲು 1736ರಲ್ಲಿ ಯುರೋಪಿನ ಉತ್ತರದ ತುದಿಯ ಲ್ಯಾಪ್‌ಲ್ಯಾಂಡಿಗೆ ಹೋಗಿ ಅಳತೆ ಮಾಡಿ ಬಂದ ತಂಡದಲ್ಲಿ ಇಬ್ಬರೂ ಇದ್ದರು. ಎಮಿಲಿಯವರಿಗೆ ಹಣವಿತ್ತು, ಮನೆತನವಿತ್ತು, ಇಂಥವರನ್ನು ಮನೆಗೆ ಕರೆಸಿಕೊಳ್ಳುವ ಅನುಕೂಲವಿತ್ತು ಎಂಬುದನ್ನು ನಾನು ಮರೆಮಾಚುವುದಿಲ್ಲ. ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಬೆಳಗಿನ ಬಸ್ಸು ಹಿಡಿದು ಬರುವ ನನ್ನ ವಿದ್ಯಾರ್ಥಿನಿಯರಿಗೆ ಆ ಅನುಕೂಲವಿಲ್ಲ. ಅವರಿಗಿರುವುದು ನಿಮ್ಮ ವಿಭಾಗಗಳು ಮಾತ್ರ; ಆದ್ದರಿಂದಲೇ ಈ ಪತ್ರ ನಿಮಗೆ.

ಎಮಿಲಿ ಎಂದೊಡನೆ ಜನ ಫ್ರೆಂಚ್ ಲೇಖಕ ವೋಲ್ತೇರ್ ಹೆಸರನ್ನು ತರುತ್ತಾರೆ. ಇಬ್ಬರೂ ಸಿರೆ ಎಂಬ ಹಳ್ಳಿಯ ಮಹಲಿನಲ್ಲಿ ಹಲವು ವರ್ಷ ಜೊತೆಗಿದ್ದು, ಅಲ್ಲೊಂದು ಪ್ರಯೋಗಶಾಲೆಯನ್ನೂ ಗ್ರಂಥಾಲಯವನ್ನೂ ಕಟ್ಟಿಕೊಂಡದ್ದು ನಿಜ. ಅವರ ಸಂಬಂಧದ ಕಥೆಗಳನ್ನು ಹೇಳಲು ಬೇರೆಯವರಿದ್ದಾರೆ. ನನಗೆ ಮುಖ್ಯವಾದದ್ದು 1737ರ ಒಂದು ಘಟನೆ. ಬೆಂಕಿಯ ಸ್ವರೂಪ ಮತ್ತು ಪ್ರಸರಣದ ಬಗ್ಗೆ ಅಕಾಡೆಮಿ ಪ್ರಬಂಧ ಸ್ಪರ್ಧೆಯನ್ನು ಕರೆದಿತ್ತು. ವೋಲ್ತೇರ್ ಪ್ರಯೋಗ ಮಾಡುತ್ತಿದ್ದರು, ಎಮಿಲಿ ನೆರವಾಗುತ್ತಿದ್ದರು. ಆದರೆ ಅವರ ತೀರ್ಮಾನಗಳು ಎಮಿಲಿಗೆ ಒಪ್ಪಿಗೆಯಾಗಲಿಲ್ಲ. ಹಗಲಿನಲ್ಲಿ ಎದುರು ಮಾತಾಡದೆ, ರಾತ್ರಿ ಎಲ್ಲರೂ ಮಲಗಿದ ಮೇಲೆ, ನಿದ್ದೆ ತಡೆಯಲು ಕೈಗಳನ್ನು ಮಂಜಿನಂಥ ತಣ್ಣೀರಿನಲ್ಲಿ ಅದ್ದಿಕೊಳ್ಳುತ್ತ, ಗುಟ್ಟಾಗಿ ತಮ್ಮದೇ ಪ್ರಬಂಧ ಬರೆದು ಕಳಿಸಿದರು. ಬಹುಮಾನ ಇಬ್ಬರಿಗೂ ಬರಲಿಲ್ಲ. ಗೆದ್ದವರಲ್ಲಿ ಮಹಾನ್ ಗಣಿತಜ್ಞ ಆಯ್ಲರ್ ಇದ್ದರು; ಅಂಥವರ ಎದುರು ಸೋತದ್ದು ಸೋಲೇ ಅಲ್ಲ. 1739ರಲ್ಲಿ ಅಕಾಡೆಮಿ ಇಬ್ಬರ ಪ್ರಬಂಧಗಳನ್ನೂ ಅಚ್ಚು ಹಾಕಿಸಿತು. ಬೇರೆ ಬೇರೆ ಬಣ್ಣದ ಬೆಳಕು ಬೇರೆ ಬೇರೆ ಪ್ರಮಾಣದ ಶಾಖವನ್ನು ಒಯ್ಯಬಹುದೆಂಬ ಊಹೆ ಎಮಿಲಿಯವರ ಪ್ರಬಂಧದಲ್ಲಿದೆ. ಖಗೋಳಜ್ಞ ವಿಲಿಯಂ ಹರ್ಷೆಲ್ ಬಣ್ಣಗಳ ಪಟ್ಟಿಯ ಉದ್ದಕ್ಕೂ ಥರ್ಮಾಮೀಟರ್ ಇಟ್ಟು ಅಳೆದು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಕಂಡುಕೊಂಡದ್ದು 1800ರಲ್ಲಿ.

ಮುಂದಿನ ವರ್ಷವೇ, 1740ರಲ್ಲಿ, ಅವರು ಹೆಸರು ಹಾಕಿಕೊಳ್ಳದೆ ಭೌತವಿಜ್ಞಾನದ ಪಠ್ಯವೊಂದನ್ನು ಪ್ರಕಟಿಸಿದರು. ಮಗನಿಗೆ ಪಾಠ ಹೇಳುವ ನೆಪದಲ್ಲಿ ಬರೆದ ಪುಸ್ತಕ ಅದು. ಅದರ ಕೊನೆಯ ಅಧ್ಯಾಯವನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಚಲಿಸುವ ವಸ್ತುವಿನಲ್ಲಿರುವ ‘ಬಲ’ವನ್ನು ಅಳೆಯುವುದು ಹೇಗೆ ಎಂಬುದು ಆ ಕಾಲದ ದೊಡ್ಡ ಜಗಳ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಾಕು ಎಂದು ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್‌ನ ಅನುಯಾಯಿಗಳೂ ನ್ಯೂಟನ್‌ನ ಅನುಯಾಯಿಗಳೂ ಹೇಳುತ್ತಿದ್ದರು. ಇಲ್ಲ, ವೇಗದ ವರ್ಗದಿಂದ ಗುಣಿಸಬೇಕು ಎಂದು ಜರ್ಮನ್ ಗಣಿತಜ್ಞ ಲೈಬ್ನಿಟ್ಸ್ ವಾದಿಸಿ, ಅದನ್ನು ‘ಜೀವಂತ ಬಲ’ ಎಂದು ಕರೆದಿದ್ದರು. ಹಾಲೆಂಡಿನ ಸ್ಗ್ರಾವೆಸಾಂಡೆ ಹಿತ್ತಾಳೆಯ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದಾಗ ಮಣ್ಣಿನಲ್ಲಿ ಬಿದ್ದ ಗುಳಿ ಲೈಬ್ನಿಟ್ಸ್ ಪರವಾಗಿ ಸಾಕ್ಷಿ ನುಡಿಯಿತು. ಎಮಿಲಿ ಈ ಪ್ರಯೋಗಗಳನ್ನೂ ತಮ್ಮ ತರ್ಕವನ್ನೂ ಸೇರಿಸಿ, ನ್ಯೂಟನ್ ಮೇಲೆ ತಮಗಿದ್ದ ಅಪಾರ ಗೌರವವನ್ನು ಪಕ್ಕಕ್ಕಿಟ್ಟು, ವೇಗದ ವರ್ಗದ ಪರ ನಿಂತರು.

ನಾವೂ ಆ ಪ್ರಯೋಗ ಮಾಡಿದ್ದೇವೆ. ಕುಂಬಾರರ ಮನೆಯಿಂದ ಹದ ಮಾಡಿದ ಮಣ್ಣು ತರಿಸಿ, ಒಂದೇ ಉಕ್ಕಿನ ಗುಂಡನ್ನು ಒಮ್ಮೆ ಒಂದು ಅಡಿ ಎತ್ತರದಿಂದ, ಇನ್ನೊಮ್ಮೆ ನಾಲ್ಕು ಅಡಿ ಎತ್ತರದಿಂದ ಬಿಟ್ಟೆವು. ಎತ್ತರ ನಾಲ್ಕು ಪಟ್ಟಾದರೆ ನೆಲ ಮುಟ್ಟುವ ವೇಗ ಎರಡು ಪಟ್ಟಷ್ಟೇ ಆಗುತ್ತದೆ. ಗುಳಿಗಳಿಗೆ ಸಿರಿಂಜಿನಲ್ಲಿ ನೀರು ತುಂಬಿ ಅಳೆದಾಗ ಎರಡನೆಯದಕ್ಕೆ ಹೆಚ್ಚುಕಡಿಮೆ ನಾಲ್ಕು ಪಟ್ಟು ನೀರು ಹಿಡಿಯಿತು. ಹಿಂದಿನ ಬೆಂಚಿನಲ್ಲಿ ವರ್ಷವಿಡೀ ಬಾಯಿ ಬಿಡದೆ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, ‘ಹಂಗಾದ್ರೆ ಮೇಡಂ, ಹೈವೇನಲ್ಲಿ ಎಂಬತ್ತರಲ್ಲಿ ಬರೋ ಲಾರಿ ನಿಲ್ಲೋಕೆ ನಲವತ್ತರಲ್ಲಿ ಬರೋದಕ್ಕಿಂತ ನಾಲ್ಕು ಪಟ್ಟು ದೂರ ಬೇಕಲ್ಲ?’ ಎಂದು ಕೇಳಿದಳು. ಅವಳ ತಂದೆ ಲಾರಿ ಓಡಿಸುತ್ತಿದ್ದರು. ಒಂದೇ ಲಾರಿ, ಒಂದೇ ರಸ್ತೆ, ಒಂದೇ ಬ್ರೇಕು ಎಂದಿಟ್ಟುಕೊಂಡರೆ ಅವಳ ಮಾತು ಅಕ್ಷರಶಃ ಸರಿ. ಅಂದು ಮಧ್ಯಾಹ್ನದ ಪಾಠವೆಲ್ಲ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಗಳ ಗಾಳಿಯಂತ್ರಗಳ ಮೇಲೆ ನಡೆಯಿತು: ಬೀಸುವ ಗಾಳಿಯ ಪ್ರತಿ ಕಿಲೋಗ್ರಾಮಿನ ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ, ರೆಕ್ಕೆಯನ್ನು ಹಾದುಹೋಗುವ ಗಾಳಿಯ ರಾಶಿಯೂ ವೇಗದೊಂದಿಗೆ ಏರುತ್ತದೆ, ಹಾಗಾಗಿ ಗಾಳಿ ಎರಡು ಪಟ್ಟಾದರೆ ಸಿಗುವ ಸಾಮರ್ಥ್ಯ ಎಂಟು ಪಟ್ಟು. ಅಷ್ಟೂ ಹೊತ್ತು ನಾವು ಮಾತಾಡಿದ್ದು ಕನ್ನಡದಲ್ಲಿ. ಮರುದಿನ ಅದೇ ಹುಡುಗಿ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಬರೆದ ಉತ್ತರದಲ್ಲಿ ಬಾಯಿಪಾಠದ ವಾಕ್ಯಗಳಿದ್ದವು, ಅವಳಿರಲಿಲ್ಲ.

ಎಮಿಲಿಯವರ ಕಾಲದಲ್ಲಿ ಇಂದಿನ ಅರ್ಥದ ‘ಎನರ್ಜಿ’ ಎಂಬ ಪದವೇ ಭೌತವಿಜ್ಞಾನದಲ್ಲಿ ಇರಲಿಲ್ಲ. ಥಾಮಸ್ ಯಂಗ್ ಅದನ್ನು ತಮ್ಮ ಉಪನ್ಯಾಸಗಳಲ್ಲಿ ಬಳಸಿ ಅಚ್ಚು ಹಾಕಿಸಿದ್ದು 1807ರಲ್ಲಿ, ಚಲನಶಕ್ತಿಯ ಸೂತ್ರದಲ್ಲಿ ಇಂದು ಬರೆಯುವ ಅರ್ಧವನ್ನು ಕೊರಿಯೋಲಿಸ್ ಸೇರಿಸಿದ್ದು 1829ರಲ್ಲಿ. ಲ್ಯಾಟಿನ್ನಿನ ‘ವಿಸ್’ ಎಂಬ ಒಂದೇ ಶಬ್ದ ನ್ಯೂಟನ್‌ನಲ್ಲಿ ಜಡತ್ವದ ಮಾತಿನಲ್ಲೂ ಬರುತ್ತದೆ, ಹೊರಗಿನಿಂದ ತಳ್ಳುವುದರ ಮಾತಿನಲ್ಲೂ ಬರುತ್ತದೆ, ಕೇಂದ್ರದ ಕಡೆಗೆ ಸೆಳೆಯುವುದರ ಮಾತಿನಲ್ಲೂ ಬರುತ್ತದೆ. ಎಲ್ಲಿ ಯಾವುದು ಎಂದು ತಿಳಿಯಲು ನಿಘಂಟು ಸಾಲದು, ಭೌತವಿಜ್ಞಾನ ಬೇಕು. ನಮ್ಮಲ್ಲೂ ಹಾಗೆಯೇ. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರೂ ಮಾತುಗಳು ಮನೆಯಲ್ಲಿ ಒಂದೇ. ಪ್ರಯೋಗಶಾಲೆಯಲ್ಲಿ ಮೂರು ಬೇರೆ ರಾಶಿಗಳು, ಮೂರು ಬೇರೆ ಮಾನಗಳು. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆ ನನಗೆ ಪರಿಶೀಲನೆಗೆಂದು ಕಳಿಸಿದ ಕನ್ನಡ ಹಸ್ತಪ್ರತಿಯಲ್ಲಿ ಬಲವೂ ಶಕ್ತಿಯೂ ‘ಶಕ್ತಿ’ಯೇ ಆಗಿದ್ದವು. ಅನುವಾದಕರ ಕನ್ನಡ ಸೊಗಸಾಗಿತ್ತು. ಆ ಪುಸ್ತಕವನ್ನು ಓದಿದ ಮಗು ನ್ಯೂಟನ್‌ನ ಎರಡನೆಯ ನಿಯಮವನ್ನು ಈ ಜನ್ಮದಲ್ಲಿ ಅರ್ಥ ಮಾಡಿಕೊಳ್ಳುವಂತಿರಲಿಲ್ಲ. ತಪ್ಪು ಅವರದಲ್ಲ. ಆ ಕೆಲಸವನ್ನು ಮಾಡಬೇಕಾಗಿದ್ದ ನಾವು, ಭೌತವಿಜ್ಞಾನದವರು, ಅದನ್ನು ನಮ್ಮ ಘನತೆಗೆ ತಕ್ಕದ್ದಲ್ಲವೆಂದು ಅವರ ಕೈಗೆ ದಾಟಿಸಿದ್ದೆವು.

ಎಮಿಲಿಯವರ ಪುಸ್ತಕ ಹೊರಬಂದಾಗ ಎರಡು ಕಡೆಯಿಂದ ಪೆಟ್ಟು ಬಿತ್ತು. ಅವರಿಗೆ ಪಾಠ ಹೇಳಿದ್ದ ಸಾಮ್ಯುಯೆಲ್ ಕ್ಯೋನಿಗ್ ಎಂಬಾತ ಪುಸ್ತಕದ ಸಾರವೆಲ್ಲ ತನ್ನ ಪಾಠದ್ದೆಂದು ಹೇಳಿಕೊಂಡು ತಿರುಗಿದ. ಪ್ಯಾರಿಸ್ ಅಕಾಡೆಮಿಯ ಕಾರ್ಯದರ್ಶಿ ಮೆರಾಂ 1741ರಲ್ಲಿ ಅವರ ವಾದವನ್ನು ಖಂಡಿಸಿ ಬಹಿರಂಗವಾಗಿ ಪತ್ರ ಬರೆದರು. ಎಮಿಲಿ ಕೆಲವೇ ವಾರಗಳಲ್ಲಿ, ಅಚ್ಚಿನಲ್ಲೇ, ಒಂದೊಂದು ಅಂಶಕ್ಕೂ ಉತ್ತರ ಕೊಟ್ಟರು. ಅಕಾಡೆಮಿಯ ಕಾರ್ಯದರ್ಶಿ ತಮ್ಮನ್ನು ಎದುರಾಳಿಯೆಂದು ಪರಿಗಣಿಸಿದ್ದೇ ತಮಗೆ ಸಂದ ಗೌರವವೆಂಬಂತೆ ಅವರು ಆ ವಿವಾದವನ್ನು ತೆಗೆದುಕೊಂಡರು. ಪುಸ್ತಕಕ್ಕೆ 1742ರಲ್ಲಿ ಎರಡನೆಯ ಮುದ್ರಣ ಬಂತು, 1743ರಲ್ಲಿ ಜರ್ಮನ್ ಮತ್ತು ಇಟಾಲಿಯನ್ ಭಾಷೆಗಳಿಗೆ ಹೋಯಿತು. 1746ರಲ್ಲಿ ಇಟಲಿಯ ಬೊಲೋನಾದ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯೆಯಾಗಿ ಆರಿಸಿಕೊಂಡಿತು. ಪ್ಯಾರಿಸ್ ಅಕಾಡೆಮಿ ಆರಿಸಿಕೊಳ್ಳಲೇ ಇಲ್ಲ.

ಸ್ವಂತ ಪುಸ್ತಕ ಹೊರಬಂದು ಹೆಸರಾದ ಮೇಲೆ ಅವರು ಕೈಗೆತ್ತಿಕೊಂಡದ್ದು ನ್ಯೂಟನ್‌ನ ‘ಪ್ರಿನ್ಸಿಪಿಯಾ’ದ ಅನುವಾದವನ್ನು. ನೆನಪಿಡಬೇಕಾದ ಕ್ರಮ ಇದು: ಸ್ವತಂತ್ರವಾಗಿ ಬರೆಯಲಾಗದವರು ಅನುವಾದಕ್ಕೆ ಇಳಿಯುತ್ತಾರೆ ಎಂಬ ನಮ್ಮ ವಿಭಾಗಗಳ ನಂಬಿಕೆಯನ್ನು ಈ ಕ್ರಮವೇ ಸುಳ್ಳು ಮಾಡುತ್ತದೆ. 1687ರಲ್ಲಿ ಮೊದಲು ಅಚ್ಚಾದ ಆ ಗ್ರಂಥ ಲ್ಯಾಟಿನ್ನಿನಲ್ಲಿತ್ತು, ಅದರ ಸಾಧನೆಗಳೆಲ್ಲ ರೇಖಾಗಣಿತದ ಚಿತ್ರಗಳಲ್ಲಿದ್ದವು. 1729ರಲ್ಲಿ ಇಂಗ್ಲಿಷಿಗೆ ಬಂದಿದ್ದರೂ ಫ್ರೆಂಚಿಗೆ ಬಂದಿರಲಿಲ್ಲ. ಎಮಿಲಿ 1726ರ ಮೂರನೆಯ ಆವೃತ್ತಿಯನ್ನು ಹಿಡಿದು, 1745ರ ಸುಮಾರಿಗೆ ಕೆಲಸಕ್ಕೆ ತೊಡಗಿದರು. ಮೂಲವನ್ನು ಮೂಲವಾಗಿಯೇ ತಂದು, ಅದರ ಬೆನ್ನಿಗೆ ತಮ್ಮದೇ ವ್ಯಾಖ್ಯಾನವನ್ನು ಇಟ್ಟರು. ಅದರಲ್ಲಿ ನ್ಯೂಟನ್‌ನ ವಿಶ್ವವ್ಯವಸ್ಥೆಯ ಸರಳ ವಿವರಣೆಯಿದೆ. ಗ್ರಹಗಳ ಕಕ್ಷೆ, ಭೂಮಿಯ ಆಕಾರ, ಸಮುದ್ರದ ಉಬ್ಬರವಿಳಿತ ಮುಂತಾದವುಗಳ ಬಗ್ಗೆ ನ್ಯೂಟನ್ ತರುವಾಯದ ಸಂಶೋಧನೆಗಳಿವೆ. ಮುಖ್ಯ ಸಮಸ್ಯೆಗಳನ್ನು ಲೈಬ್ನಿಟ್ಸ್ ಪರಂಪರೆಯ ಕಲನಶಾಸ್ತ್ರದಲ್ಲಿ ಹೊಸದಾಗಿ ಬಿಡಿಸಿದ ಪುಟಗಳಿವೆ. ಚಿತ್ರದ ಗಣಿತವನ್ನು ಸಮೀಕರಣದ ಗಣಿತಕ್ಕೆ ತರುವುದೂ ಒಂದು ಅನುವಾದವೇ, ಅದೂ ಎರಡು ಪಟ್ಟು ಕಷ್ಟದ್ದು. ನಮ್ಮ ನಾಡಿನ ಟೀಕಾಕಾರರು ಪದಕ್ಕೆ ಅರ್ಥ ಕೊಟ್ಟು, ಅನ್ವಯ ಮಾಡಿ, ತಾತ್ಪರ್ಯ ಬಿಡಿಸಿ, ಆಮೇಲೆ ತಮ್ಮ ಮಾತನ್ನು ಹೇಳುತ್ತಿದ್ದ ಕ್ರಮವನ್ನು ಬಲ್ಲವರಿಗೆ ಈ ಪುಸ್ತಕದ ರಚನೆ ಹೊಸದೆನಿಸುವುದಿಲ್ಲ.

1749ರಲ್ಲಿ, ನಲವತ್ತೆರಡರ ವಯಸ್ಸಿನಲ್ಲಿ, ಅವರು ಮತ್ತೆ ಗರ್ಭಿಣಿಯಾಗಿದ್ದರು. ಆ ವಯಸ್ಸಿನ ಹೆರಿಗೆಯಿಂದ ತಾವು ಉಳಿಯಲಾರೆವೆಂಬ ಭಯ ಅವರನ್ನು ಹಿಡಿದಿತ್ತು. ಬೆಳಗಿನಿಂದ ನಡುರಾತ್ರಿಯವರೆಗೆ ಕುಳಿತು ವ್ಯಾಖ್ಯಾನ ಮುಗಿಸಿದರು, ಹಸ್ತಪ್ರತಿಯನ್ನು ರಾಜನ ಗ್ರಂಥಾಲಯದಲ್ಲಿ ಸುರಕ್ಷಿತವಾಗಿಡಲು ಕಳಿಸಿಕೊಟ್ಟರು. ಸೆಪ್ಟೆಂಬರ್ ಮೊದಲ ವಾರ ಲ್ಯೂನ್‌ವಿಲ್‌ನಲ್ಲಿ ಹೆಣ್ಣುಮಗು ಹುಟ್ಟಿತು. ಸೆಪ್ಟೆಂಬರ್ 10ರಂದು ತಾಯಿ ತೀರಿಕೊಂಡರು. ಆ ಮಗುವೂ ಹೆಚ್ಚು ದಿನ ಬದುಕಲಿಲ್ಲ. ಈ ಭಾಗವನ್ನು ತರಗತಿಯಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟುತ್ತಿತ್ತು. ಹೆರಿಗೆಯಲ್ಲಿ ಅಕ್ಕನನ್ನು ಕಳೆದುಕೊಂಡ ಹುಡುಗಿಯರು ನನ್ನೆದುರು ಕುಳಿತಿರುತ್ತಿದ್ದರು.

ಪುಸ್ತಕ ಹತ್ತು ವರ್ಷ ಕಾಯಿತು. ಹ್ಯಾಲಿ ಧೂಮಕೇತು ನ್ಯೂಟನ್‌ನ ನಿಯಮಗಳಂತೆಯೇ ಮರಳಿ ಬರುವುದೇ ಎಂದು ಯುರೋಪು ಆಕಾಶ ನೋಡುತ್ತಿದ್ದ ಕಾಲ ಅದು. ಎಮಿಲಿಯವರ ಗುರು ಕ್ಲೆರೋ, ಖಗೋಳಜ್ಞ ಲಲಾಂದ್ ಮತ್ತು ನಿಕೋಲ್-ರೇನ್ ಲೆಪೋತ್ ಎಂಬ ಮಹಿಳೆ ತಿಂಗಳುಗಟ್ಟಲೆ ಲೆಕ್ಕ ಹಾಕಿ, ಗುರು ಮತ್ತು ಶನಿ ಗ್ರಹಗಳ ಸೆಳೆತದಿಂದ ಅದು ತಡವಾಗುತ್ತದೆಂದೂ 1759ರ ಏಪ್ರಿಲ್ ನಡುವಿಗೆ ಸೂರ್ಯನಿಗೆ ಅತಿ ಸಮೀಪ ಬರುತ್ತದೆಂದೂ ಹೇಳಿದರು. ಬಂದದ್ದು ಮಾರ್ಚ್ 13ರಂದು. ಒಂದು ತಿಂಗಳ ವ್ಯತ್ಯಾಸ, ಅಷ್ಟೇ. ಅದೇ ವರ್ಷ ಎಮಿಲಿಯವರ ಅನುವಾದ ಪೂರ್ಣವಾಗಿ, ಎರಡು ಸಂಪುಟಗಳಲ್ಲಿ ಹೊರಬಂತು. ವೋಲ್ತೇರ್ ಮುನ್ನುಡಿಯಲ್ಲಿ, ನ್ಯೂಟನ್ ಈ ಗ್ರಂಥ ಬರೆದದ್ದು ಒಂದು ವಿಸ್ಮಯ, ಒಬ್ಬ ಮಹಿಳೆ ಅದನ್ನು ಅನುವಾದಿಸಿ ಬೆಳಗಿಸಿದ್ದು ಇನ್ನೊಂದು ವಿಸ್ಮಯ ಎಂದರು. ವಿಸ್ಮಯವೆಂಬ ಮಾತು ನನಗೆ ಅಷ್ಟಾಗಿ ಹಿಡಿಸುವುದಿಲ್ಲ, ಏಕೆಂದರೆ ಅದು ವರ್ಷಗಟ್ಟಲೆಯ ಕಲಿಕೆಯನ್ನೂ ದುಡಿಮೆಯನ್ನೂ ಪವಾಡವಾಗಿಸಿಬಿಡುತ್ತದೆ. ಆದರೆ ‘ಬೆಳಗಿಸಿದ್ದು’ ಎಂಬ ಮಾತು ಸರಿಯಾಗಿದೆ. ಫ್ರೆಂಚ್ ಓದುಗರಿಗೆ ಇಂದಿಗೂ ಆಧಾರವಾಗಿರುವುದು ಆ ಅನುವಾದವೇ.

ಇದಕ್ಕೆ ಬಹಳ ಮುಂಚೆ, ಮ್ಯಾಂಡೆವಿಲ್ ಎಂಬ ಲೇಖಕನ ಇಂಗ್ಲಿಷ್ ಕೃತಿಯೊಂದನ್ನು ಅನುವಾದಿಸುತ್ತ ಬರೆದ ಪೀಠಿಕೆಯಲ್ಲಿ, ಎಮಿಲಿ ಅನುವಾದಕರನ್ನು ವಿದ್ವತ್ ಲೋಕದ ವರ್ತಕರೆಂದು ಕರೆದಿದ್ದಾರೆ. ದಾವಣಗೆರೆಯವಳಾಗಿ ನನಗೆ ಈ ಹೋಲಿಕೆ ಬಹಳ ಪ್ರಿಯವಾದದ್ದು. ಮಂಡಿಪೇಟೆಯ ವರ್ತಕ ಹೊಲದಲ್ಲಿ ಉಳದಿರಬಹುದು, ಆದರೆ ಕಾಳನ್ನು ಅಂಗೈಯಲ್ಲಿ ಹಿಡಿದ ಕ್ಷಣದಲ್ಲಿ ಅದರ ಗುಣ ಹೇಳಬಲ್ಲ. ಹೇಳಲಾರದವನು ಆ ವ್ಯಾಪಾರದಲ್ಲಿ ಒಂದು ವರ್ಷವೂ ನಿಲ್ಲುವುದಿಲ್ಲ. ಅದೇ ಪೀಠಿಕೆಯಲ್ಲಿ ಅವರು, ತಾನು ರಾಜನಾಗಿದ್ದರೆ ಮನುಕುಲದ ಅರ್ಧವನ್ನು ಹೊರಗಿಡುವ ಈ ಅನ್ಯಾಯವನ್ನು ಸರಿಪಡಿಸಿ, ಹೆಂಗಸರಿಗೆ ಎಲ್ಲ ಮಾನವ ಹಕ್ಕುಗಳಲ್ಲಿ, ಅದರಲ್ಲೂ ಬುದ್ಧಿಗೆ ಸಂಬಂಧಿಸಿದ ಹಕ್ಕುಗಳಲ್ಲಿ, ಪಾಲು ಕೊಡುತ್ತಿದ್ದೆ ಎಂಬ ಅರ್ಥದ ಮಾತು ಬರೆದಿದ್ದಾರೆ.

ಇದು ದೂರದ ದೇಶದ, ಹಳೆಯ ಕಾಲದ ಮಾತು ಎನ್ನುವವರಿಗಾಗಿ ನಮ್ಮದೇ ದೇಶದ ಒಂದು ಸಂಗತಿ. ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿಯವರ ಸಾಪೇಕ್ಷತಾ ಪ್ರಬಂಧಗಳನ್ನು ಜರ್ಮನ್ನಿನಿಂದ ಇಂಗ್ಲಿಷಿಗೆ ತಂದು 1920ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಮೂಲಕ ಪ್ರಕಟಿಸಿದವರು ಮೇಘನಾದ ಸಹಾ ಮತ್ತು ಸತ್ಯೇಂದ್ರನಾಥ ಬೋಸ್. ಆಗ ಇಬ್ಬರೂ ಇಪ್ಪತ್ತರ ಹರೆಯದ ಅಧ್ಯಾಪಕರು. ನಾಲ್ಕು ವರ್ಷದ ಮೇಲೆ ಢಾಕಾದಿಂದ ಐನ್‌ಸ್ಟೈನ್‌ಗೆ ತಮ್ಮ ಪ್ರಬಂಧ ಕಳಿಸುವಾಗ ಬೋಸ್, ಹಿಂದೆ ಅನುವಾದಕ್ಕೆ ಅನುಮತಿ ಕೇಳಿದ್ದವನು ನಾನೇ ಎಂದು ನೆನಪಿಸಿ ಪರಿಚಯ ಹೇಳಿಕೊಂಡರು. ಐನ್‌ಸ್ಟೈನ್ ಆ ಪ್ರಬಂಧವನ್ನು ಸ್ವತಃ ಜರ್ಮನ್ನಿಗೆ ಅನುವಾದಿಸಿ ಅಚ್ಚಿಗೆ ಕೊಟ್ಟರು. ಕನ್ನಡದಲ್ಲೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನ ಪ್ರಾಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಷ್ಟು ಹಿಂದೆಯೇ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ ಪತ್ರಿಕೆ ನಡೆಸಿದರು. ಪಂಪಭಾರತದ ಸಂಪಾದನೆಯಲ್ಲಿ ದುಡಿದದ್ದೂ ಅವರೇ. ಭೌತವಿಜ್ಞಾನಿಗೆ ಭಾಷೆಯ ಕೆಲಸ ಹೊರಗಿನದಲ್ಲವೆಂದು ಅವರಿಗೆ ಗೊತ್ತಿತ್ತು.

ನನ್ನ ಸ್ವಂತ ಅನುಭವವನ್ನು ಎರಡು ಸಾಲಿನಲ್ಲಿ ಹೇಳುತ್ತೇನೆ. ಒಂದು ಬಡ್ತಿಯ ಪರಿಶೀಲನೆಯಲ್ಲಿ ನಾನು ವ್ಯಾಖ್ಯಾನಸಹಿತವಾಗಿ ಮಾಡಿದ್ದ ಅನುವಾದವನ್ನು ಮೇಜಿನ ಮೇಲಿಟ್ಟಾಗ, ಸಮಿತಿಯ ಹಿರಿಯರೊಬ್ಬರು ಪುಟ ತೆರೆಯದೆಯೇ, ‘ಇದು ಕನ್ನಡ ವಿಭಾಗದ ಕೆಲಸವಮ್ಮ’ ಎಂದು ಪಕ್ಕಕ್ಕೆ ಸರಿಸಿದರು. ಅದರಲ್ಲಿ ನಾನೇ ಬಿಡಿಸಿದ ನಲವತ್ತಕ್ಕೂ ಹೆಚ್ಚು ಸಮೀಕರಣಗಳಿದ್ದವು. ಯುಜಿಸಿಯ 2018ರ ನಿಯಮಾವಳಿ ಅನುವಾದಕ್ಕೂ ಅಂಕ ಕೊಡುತ್ತದೆ ಎಂಬುದು ನನಗೆ ಗೊತ್ತು, ಅದಕ್ಕಾಗಿ ಕೃತಜ್ಞಳೂ ಹೌದು. ಆದರೆ ಅದು ಕೆಲಸದಲ್ಲಿರುವ ಅಧ್ಯಾಪಕರ ಮಾತಾಯಿತು. ವಿದ್ಯಾರ್ಥಿಯ ಪ್ರಾಜೆಕ್ಟಿನ ಬಗ್ಗೆ ತೀರ್ಮಾನಿಸುವುದು ನಿಮ್ಮ ಅಧ್ಯಯನ ಮಂಡಳಿಗಳ ಕೈಯಲ್ಲಿದೆ.

ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಸರ್ ಸಿ.ವಿ. ರಾಮನ್ ತಮ್ಮ ಶೋಧವನ್ನು ವಿವರಿಸಿ 1928ರಲ್ಲಿ ಅಚ್ಚು ಹಾಕಿಸಿದ ಪ್ರಬಂಧ, ಬೋಸ್ ಅವರ 1924ರ ಪ್ರಬಂಧ, ಸಹಾ ಅವರ ಅಯಾನೀಕರಣದ ಪ್ರಬಂಧ, ಐನ್‌ಸ್ಟೈನ್ 1905ರಲ್ಲಿ ಬರೆದವು — ಇವುಗಳಲ್ಲಿ ಒಂದೊಂದನ್ನು ಇಬ್ಬರು ವಿದ್ಯಾರ್ಥಿಗಳಿಗೆ ಕೊಡಿ. ಮೂಲದ ಪ್ರತಿ ಸಾಲಿಗೂ ಅವರು ಜವಾಬ್ದಾರರಾಗಲಿ, ಬಿಟ್ಟುಹೋದ ಗಣಿತದ ಮೆಟ್ಟಿಲುಗಳನ್ನು ತುಂಬಲಿ, ಇಂದಿನ ತಿಳಿವಿನಲ್ಲಿ ಏನು ಬದಲಾಗಿದೆ ಎಂದು ಟಿಪ್ಪಣಿ ಬರೆಯಲಿ. ಪರೀಕ್ಷಕರಲ್ಲಿ ಒಬ್ಬರು ಭೌತವಿಜ್ಞಾನದವರೂ ಒಬ್ಬರು ಕನ್ನಡದವರೂ ಇರಲಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದ್ದು, ಅಲ್ಲಿ ಶಾಲಾ ಕಾಲೇಜುಗಳ ವಿಜ್ಞಾನ ಅಧ್ಯಾಪಕರಿಗೆ ತರಬೇತಿಯೂ ನಡೆಯುತ್ತದೆ. ಹೀಗೆ ಸಿದ್ಧವಾದ ಅನುವಾದಗಳು ಆ ಅಧ್ಯಾಪಕರ ಕೈಸೇರಿದರೆ, ಮುಂದಿನ ವರ್ಷವೇ ನಮ್ಮ ಬಯಲುಸೀಮೆಯ ಪಿಯುಸಿ ತರಗತಿಗಳಲ್ಲಿ ಅವು ಓದಿಗೆ ಬರುತ್ತವೆ.

ಒಂದು ಸಂದೇಹವನ್ನು ನಾನು ಗೌರವಿಸುತ್ತೇನೆ: ಕನ್ನಡದಲ್ಲಿ ಪ್ರಾಜೆಕ್ಟ್ ಮಾಡಿದವರಿಗೆ ಮುಂದೆ ಕೆಲಸ ಸಿಗುವುದೇ? ಮೂಲ ಇಂಗ್ಲಿಷನ್ನೋ ಜರ್ಮನ್ನನ್ನೋ ಪದಪದವಾಗಿ ಬಗೆದು ನೋಡಿದವರಿಗಿಂತ ಚೆನ್ನಾಗಿ ಆ ಭಾಷೆಯ ಭೌತವಿಜ್ಞಾನ ಬಲ್ಲವರು ಸಿಗುವುದಿಲ್ಲ ಎಂಬುದು ನನ್ನ ಉತ್ತರ. ಪರೀಕ್ಷಿಸಿ ನೋಡಲು ಸಿದ್ಧಳಿದ್ದೇನೆ. ನಿಮ್ಮಲ್ಲಿ ಯಾವುದೇ ಒಂದು ವಿಭಾಗ ಮುಂದಿನ ಸೆಮಿಸ್ಟರಿಗೆ ನಾಲ್ವರು ವಿದ್ಯಾರ್ಥಿಗಳನ್ನು ಒಪ್ಪಿಸಿದರೆ, ಸಂಭಾವನೆಯಿಲ್ಲದೆ ವಾರಕ್ಕೆರಡು ದಿನ ಬಂದು ಮಾರ್ಗದರ್ಶನ ಮಾಡುತ್ತೇನೆ. ರಾಮನ್ ಪ್ರಬಂಧದ ನನ್ನ ಕನ್ನಡ ಕರಡು ಮತ್ತು ಮೂವತ್ತೊಂದು ವರ್ಷಗಳಲ್ಲಿ ವಿದ್ಯಾರ್ಥಿಗಳೊಂದಿಗೆ ಕುಳಿತು ತಿದ್ದಿದ ಪಾರಿಭಾಷಿಕ ಪದಗಳ ಎರಡು ನೋಟ್‌ಪುಸ್ತಕಗಳು ನನ್ನಲ್ಲಿವೆ; ಮೊದಲ ದಿನವೇ ಅವನ್ನು ಜೊತೆಗೆ ತರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಭೌತವಿಜ್ಞಾನ ಅಧ್ಯಾಪಕಿ
ದಾವಣಗೆರೆ